ಸೆಲ್ಫ್ ಹೊಡೆಯದ ಗಾಡಿ: ಬ್ಯಾಟರಿ ಕೊಳ್ಳುವ ಮುಂಚೆ ನೋಡಬೇಕಾದ್ದು

ನಮ್ಮದು ಯಲಹಂಕದಾಚೆ ರಾಜಾನುಕುಂಟೆ ಕಡೆಯ ಮಳೆಯಾಶ್ರಿತ ಹೊಲ. ರಾಗಿ, ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ. ನಾನು ಓದಿದ್ದು ಏಳನೇ ಕ್ಲಾಸು. 1998ರ ಮಾಡೆಲ್ ಟಾಟಾ 407 ಒಂದನ್ನು 2009ರಲ್ಲಿ ಹಳೇದಾಗಿಯೇ ಕೊಂಡೆ. ಯಶವಂತಪುರ ಯಾರ್ಡಿಗೆ ರಾಗಿ, ಹೊಲಕ್ಕೆ ಗೊಬ್ಬರ, ಎಲ್ಲ ಇದರಲ್ಲೇ. ನಮ್ಮದಲ್ಲದೆ ಅಕ್ಕಪಕ್ಕದವರ ಲೋಡೂ ಇರುತ್ತದೆ.

2022ರ ಜನವರಿ. ನಾಲ್ಕು ಮನೆಯ ಅವರೆಕಾಯಿ ತುಂಬಿಕೊಂಡು ರಾತ್ರಿ ಹೊರಟೆ. ಬೆಳಗಿನ ಜಾವ ಹೆಬ್ಬಾಳದ ಹತ್ತಿರ ಟೀ ಕುಡಿಯೋಣ ಅಂತ ನಿಲ್ಲಿಸಿದ್ದೇ ತಪ್ಪಾಯಿತು. ತಿರುಗಿ ಬಂದು ಕೀ ತಿರುಗಿಸಿದರೆ 'ಕಟ್' ಅಂತ ಒಂದೇ ಸದ್ದು. ಇಂಜಿನ್ ತಿರುಗಲಿಲ್ಲ. ಲೋಡು ಗಾಡಿ ತಳ್ಳೋಕೆ ಜನ ಸಿಗುವ ಹೊತ್ತಿಗೆ ಬೆಳಕಾಗಿತ್ತು. ಮಂಡಿಗೆ ಹೋದಾಗ ವ್ಯಾಪಾರ ಮುಗಿಯುತ್ತಾ ಬಂದಿತ್ತು. ಸೊಗಡಿನ ಅವರೆ ಹೆಚ್ಚೂಕಡಿಮೆ ಅರ್ಧ ರೇಟಿಗೆ ಹೋಯಿತು. ನನ್ನದು ಹೋದರೆ ಹೋಗಲಿ, ಉಳಿದ ಮೂರು ಮನೆಯವರ ಮುಖ ನೋಡೋಕಾಗಲಿಲ್ಲ.

ದುಡ್ಡು ಹೋದ ದಾರಿ

ಒಬ್ಬರು "ಬ್ಯಾಟರಿ ಸತ್ತಿದೆ" ಅಂದರು. 7,800 ರೂಪಾಯಿ ಕೊಟ್ಟು ಹೊಸದು ಹಾಕಿಸಿದೆ. ಎಂಟು ದಿನ ಚೆನ್ನಾಗಿತ್ತು, ಮತ್ತೆ ಅದೇ 'ಕಟ್'. ಇನ್ನೊಬ್ಬರು "ಸೆಲ್ಫ್ ಮೋಟರ್ ಹೋಗಿದೆ" ಅಂದರು. ಬಿಚ್ಚಿಸಿ ಕಾರ್ಬನ್ ಬ್ರಶ್, ಬುಶ್ ಹಾಕಿಸಿದೆ, 3,500 ರೂಪಾಯಿ. ಹದಿನೈದು ದಿನ ಆಯಿತು, ಮತ್ತೆ ಅದೇ ಕತೆ.

ಆಮೇಲೆ ಟ್ರ್ಯಾಕ್ಟರ್ ವೈರಿಂಗ್ ಮಾಡುವ ಹಿರಿಯರೊಬ್ಬರು ಗಾಡಿ ನೋಡಿದರು. ಸ್ಪ್ಯಾನರ್ ಮುಟ್ಟುವ ಮುಂಚೆ ಮೀಟರ್ ತೆಗೆದರು. "ಯಜಮಾನ್ರೆ, ಸಾಮಾನು ಬದಲಾಯಿಸೋದು ಕೊನೇ ಕೆಲಸ. ಮೊದಲು ಕರೆಂಟು ಎಲ್ಲಿ ನಿಂತಿದೆ ನೋಡಿ" ಅಂದರು. ಹತ್ತು ನಿಮಿಷದಲ್ಲಿ ರೋಗ ಸಿಕ್ಕಿತು. ಅವರು ಹೇಳಿಕೊಟ್ಟಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕರೆಂಟಿನ ದಾರಿ

ಡೀಸೆಲ್ ಗಾಡಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಇಂಜಿನ್ ತಕ್ಕಷ್ಟು ಜೋರಾಗಿ ತಿರುಗಿ, ಡೀಸೆಲ್ ಬಂದರೆ ಹತ್ತಿಕೊಳ್ಳುತ್ತದೆ. ಆದ್ದರಿಂದ ಇಂಜಿನ್ ತಿರುಗುತ್ತಲೇ ಇಲ್ಲ ಅಂದರೆ ಮೊದಲು ನೋಡಬೇಕಾದ್ದು ಎರಡು ದಾರಿ.

ಒಂದು ಸಣ್ಣ ದಾರಿ: ಬ್ಯಾಟರಿಯಿಂದ ಕೀ ಸ್ವಿಚ್ಚಿಗೆ, ಅಲ್ಲಿಂದ ಸಣ್ಣ ವೈರಿನಲ್ಲಿ ಸೆಲ್ಫ್ ಮೇಲಿರುವ ಸೊಲೆನಾಯ್ಡಿಗೆ. ಎರಡನೆಯದು ದೊಡ್ಡ ದಾರಿ: ಬ್ಯಾಟರಿ ಪ್ಲಸ್‌ನಿಂದ ದಪ್ಪ ಕೇಬಲ್, ಸೊಲೆನಾಯ್ಡ್ ಒಳಗಿನ ತಾಮ್ರದ ಕಾಂಟ್ಯಾಕ್ಟ್, ಮೋಟರ್, ಇಂಜಿನ್ ಮೈ. ಇಂಜಿನ್ ಮೈಯಿಂದ ಹೆಣೆದ ಪಟ್ಟಿಯ ಮೂಲಕ ಚಾಸಿಗೆ, ಅಲ್ಲಿಂದ ಬ್ಯಾಟರಿ ಮೈನಸ್‌ಗೆ ವಾಪಸು. ಇಂಜಿನ್ ರಬ್ಬರ್ ಮೇಲೆ ಕೂತಿರುವುದರಿಂದ ಆ ಪಟ್ಟಿ ಇಲ್ಲದಿದ್ದರೆ ಕರೆಂಟಿಗೆ ಸರಿಯಾದ ವಾಪಸು ದಾರಿಯಿಲ್ಲ.

ನಾವು ಮೋಸ ಹೋಗುವುದು ಇಲ್ಲೇ. "ಲೈಟು ಉರೀತಿದೆ, ವೈರೆಲ್ಲ ಸರಿಯಿದೆ" ಅಂತೀವಿ. 60 ವಾಟ್ ಹೆಡ್‌ಲೈಟ್ ಬಲ್ಬು ಎಳೆಯೋದು 5 ಆಂಪಿಯರ್. ಇಂಥ ಗಾಡಿಯ ಸೆಲ್ಫ್ 200 ಆಂಪಿಯರ್ ದಾಟಿಯೂ ಎಳೆಯಬಹುದು. ಒಂದು ಜಾಯಿಂಟಿನಲ್ಲಿ ಓಮ್‌ನ ನೂರರಲ್ಲೊಂದು ಪಾಲು ಅಡ್ಡಿ ಇದ್ದರೆ 5 ಆಂಪಿಯರ್‌ಗೆ ನಷ್ಟವಾಗೋದು 0.05 ವೋಲ್ಟ್, ಗೊತ್ತೇ ಆಗೋಲ್ಲ. 200 ಆಂಪಿಯರ್‌ಗೆ ಅದೇ ಅಡ್ಡಿ 2 ವೋಲ್ಟ್ ನುಂಗುತ್ತದೆ. ಅರ್ಧ ಕಟ್ಟಿಕೊಂಡ ಪೈಪಿನಲ್ಲಿ ಚೊಂಬು ತುಂಬಬಹುದು, ಹೊಲಕ್ಕೆ ನೀರು ಹಾಯಿಸೋಕಾಗುತ್ತದೆಯೇ?

ಪರೀಕ್ಷೆ ಮಾಡುವ ಕ್ರಮ

ಗೇರ್ ನ್ಯೂಟ್ರಲ್‌ನಲ್ಲಿರಲಿ. ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಕೀ ತಿರುಗಿಸಲು ಒಬ್ಬರು ಕ್ಯಾಬಿನ್‌ನಲ್ಲಿ ಕೂರಲಿ. ಇಂಜಿನ್ ಹತ್ತಿಕೊಳ್ಳದಂತೆ ಸ್ಟಾಪ್ ಎಳೆದಿಟ್ಟರೆ ಅಳೆಯಲು ಅನುಕೂಲ. ಕೆಳಗಿನ ಅಂಕಿಗಳು 12 ವೋಲ್ಟ್ ಗಾಡಿಗೆ.

1. ಕಣ್ಣು, ಕೈ: ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ-ಹಸಿರು ಬೂಷ್ಟು ಇದೆಯೇ? ಕ್ಲಾಂಪು ಕೈಯಲ್ಲಿ ತಿರುಗುತ್ತದೆಯೇ? ಬಿಸಿನೀರಿಗೆ ಅಡಿಗೆ ಸೋಡಾ ಹಾಕಿ ತೊಳೆಯಿರಿ, ಸೆಲ್ ಒಳಗೆ ಮಾತ್ರ ಬೀಳಬಾರದು. ಉಪ್ಪುಕಾಗದದಲ್ಲಿ ಉಜ್ಜಿ ಬಿಗಿಮಾಡಿ, ಮೇಲೆ ವ್ಯಾಸಲೀನ್ ಹಚ್ಚಿ.

2. ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೆಯಿರಿ: ಲೈಟು ಪೂರಾ ಮಂಕಾದರೆ ಅಥವಾ 'ಟಕಟಕಟಕ' ಅಂದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ ಸಡಿಲ. ಲೈಟು ಹಾಗೇ ಉರಿಯುತ್ತಾ ಒಂದೇ 'ಕಟ್' ಬಂದರೆ ದೊಡ್ಡ ದಾರಿಯಲ್ಲಿ ಅಡ್ಡಿ: ಕೇಬಲ್, ಸೊಲೆನಾಯ್ಡ್ ಕಾಂಟ್ಯಾಕ್ಟ್, ಕಾರ್ಬನ್ ಬ್ರಶ್ ಅಥವಾ ಅರ್ತ್. ಸದ್ದೇ ಇಲ್ಲದಿದ್ದರೆ ಸಣ್ಣ ದಾರಿ ನೋಡಿ. ಮೋಟರ್ 'ಗರ್' ಅಂತ ತಿರುಗಿ ಇಂಜಿನ್ ತಿರುಗದಿದ್ದರೆ ಅದು ಕರೆಂಟಿನ ರೋಗವಲ್ಲ, ಪಿನಿಯನ್ ಅಥವಾ ಫ್ಲೈವೀಲ್ ಹಲ್ಲಿನದು.

3. ಬ್ಯಾಟರಿ: ಮೀಟರನ್ನು 20 ವೋಲ್ಟ್ ಡಿ.ಸಿ.ಗೆ ತಿರುಗಿಸಿ. ನಿಂತ ಗಾಡಿಯಲ್ಲಿ ಪೂರ್ತಿ ಚಾರ್ಜಿನ ಬ್ಯಾಟರಿ 12.6 ತೋರಿಸಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿದರೆ ಚಾರ್ಜ್ ಮಾಡಿಸಿ ಮತ್ತೆ ನೋಡಿ. ಆಗಲೂ ಇಳಿದರೆ ಮಾತ್ರ ಬ್ಯಾಟರಿ ಮೇಲೆ ಅನುಮಾನ. ಇಂಜಿನ್ ಓಡುವಾಗ 13.8ರಿಂದ 14.4 ಇದ್ದರೆ ಆಲ್ಟರ್ನೇಟರ್ ಸರಿಯಿದೆ.

4. ಸಣ್ಣ ದಾರಿ: 12 ವೋಲ್ಟ್ ಬಲ್ಬಿಗೆ ಎರಡು ಉದ್ದ ವೈರು ಕಟ್ಟಿಕೊಳ್ಳಿ. ಒಂದನ್ನು ಬ್ಯಾಟರಿ ಮೈನಸ್‌ಗೆ, ಇನ್ನೊಂದನ್ನು ಸೊಲೆನಾಯ್ಡಿನ ಸಣ್ಣ ವೈರಿನ ತುದಿಗೆ ಹಿಡಿಯಿರಿ. ಕೀ ತಿರುಗಿಸಿದಾಗ ಬಲ್ಬು ಉರಿಯದಿದ್ದರೆ ತಪ್ಪು ಕೀ ಸ್ವಿಚ್ಚಿನಲ್ಲಿ ಅಥವಾ ನಡುವಿನ ವೈರು, ಫ್ಯೂಸಿನಲ್ಲಿ. ಚೆನ್ನಾಗಿ ಉರಿದೂ 'ಕಟ್' ಸದ್ದಿಲ್ಲದಿದ್ದರೆ ಸೊಲೆನಾಯ್ಡ್ ನೋಡಿಸಿ.

5. ದೊಡ್ಡ ದಾರಿ, ಪ್ಲಸ್ ಕಡೆ: ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ ಗುಬಟಿನ ಮೇಲೆ, ಇನ್ನೊಂದು ಸೆಲ್ಫ್‌ಗೆ ದಪ್ಪ ಕೇಬಲ್ ಸೇರುವ ಬೋಲ್ಟಿನ ಮೇಲೆ. ಸೆಲ್ಫ್ ಹೊಡೆಯುವಾಗ ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಕೇಬಲ್ ಅಥವಾ ಜಾಯಿಂಟು ಕೆಟ್ಟಿದೆ.

6. ದೊಡ್ಡ ದಾರಿ, ಮೈನಸ್ ಕಡೆ: ಒಂದು ಕಡ್ಡಿ ಬ್ಯಾಟರಿ ಮೈನಸ್ ಮೇಲೆ, ಇನ್ನೊಂದು ಬಣ್ಣವಿಲ್ಲದ ಇಂಜಿನ್ ಲೋಹದ ಮೇಲೆ. ಸೆಲ್ಫ್ ಹೊಡೆಯುವಾಗ 0.3 ವೋಲ್ಟಿನೊಳಗೆ ಇರಬೇಕು.

ನನ್ನ ಗಾಡಿಯಲ್ಲಿ ಸೆಲ್ಫ್ ನರಳಿಕೊಂಡು ಅರ್ಧ ಸುತ್ತು ತಿರುಗುವಾಗ ಬ್ಯಾಟರಿ 11.4ರಲ್ಲಿ ಗಟ್ಟಿಯಾಗಿಯೇ ನಿಂತಿತ್ತು. ಆರನೇ ಪರೀಕ್ಷೆಯಲ್ಲಿ ಮೀಟರ್ 3.1 ತೋರಿಸಿತು! ಹಿಂದೆ ಕ್ಲಚ್ ಪ್ಲೇಟ್ ಹಾಕಿಸಿದಾಗ ಅರ್ತ್ ಪಟ್ಟಿಯನ್ನು ಬಿಚ್ಚಿ, ಬಣ್ಣದ ಮೇಲೆಯೇ ಬೋಲ್ಟು ಹಾಕಿದ್ದರು. ಗೊಬ್ಬರದ ಲೋಡಿನ ತೇವಕ್ಕೆ ಪಟ್ಟಿಯ ಅರ್ಧ ಎಳೆ ತಿಂದುಹೋಗಿತ್ತು. ಸೆಲ್ಫ್ ಹೊಡೆದಾಗ ಆಕ್ಸಿಲರೇಟರ್ ಕೇಬಲ್ ಬೆಚ್ಚಗಾಗುತ್ತಿದ್ದುದು ಯಾಕೆ ಅಂತಲೂ ಆಗ ತಿಳಿಯಿತು. ದಾರಿ ಸಿಗದ ಕರೆಂಟು ಅದರಲ್ಲಿ ನುಗ್ಗುತ್ತಿತ್ತು. ಹೊಸ ಪಟ್ಟಿಗೆ 180 ರೂಪಾಯಿ. ಎರಡೂ ತುದಿಯ ಬಣ್ಣ ಕೆರೆದು ಬಿಗಿಮಾಡಿದ ಮೇಲೆ ಆ ಸದ್ದು ಮತ್ತೆ ಬಂದಿಲ್ಲ. ಹೊಸ ಬ್ಯಾಟರಿ ಎಂಟು ದಿನ ಕೆಲಸ ಮಾಡಿದ್ದೂ ಸುಳ್ಳಲ್ಲ. ಅದು ಬಲವಾಗಿದ್ದರಿಂದ ಅಡ್ಡಿಯನ್ನು ದಾಟಿಸಿಕೊಂಡು ಹೋಗುತ್ತಿತ್ತು, ಅಷ್ಟೆ.

ಇದೊಂದನ್ನು ಮಾಡಬೇಡಿ

ರೋಗ ಸಿಗುವ ಮುಂಚೆ ಒಂದು ದಿನ ನನ್ನ ಮಗ ಗಾಡಿ ಪಕ್ಕ ನಿಂತು ಸ್ಪ್ಯಾನರಿನಲ್ಲಿ ಸೆಲ್ಫ್‌ನ ಎರಡು ಬೋಲ್ಟು ಮುಟ್ಟಿಸಿದ. ಗಾಡಿ ಗೇರಿನಲ್ಲಿತ್ತು. ಇಂಜಿನ್ ಹತ್ತಿಕೊಂಡು ಗಾಡಿ ಮುಂದಕ್ಕೆ ನೆಗೆಯಿತು. ಚಕ್ರಕ್ಕೂ ದನದ ಕೊಟ್ಟಿಗೆ ಗೋಡೆಗೂ ನಡುವೆ ಅವನು ಒಂದು ಗೇಣಿನಲ್ಲಿ ಉಳಿದ. ಆ ಹೊತ್ತು ನೆನೆದರೆ ಈಗಲೂ ನನ್ನ ಕೈ ನಡುಗುತ್ತದೆ. ಟ್ರ್ಯಾಕ್ಟರಿನಲ್ಲೂ ಹೀಗೆ ಮಾಡಿ ಚಕ್ರದಡಿ ಸಿಕ್ಕಿ ಸತ್ತವರಿದ್ದಾರೆ. ಎಷ್ಟೇ ಅವಸರವಿರಲಿ, ಸೆಲ್ಫ್ ಹೊಡೆಯುವುದು ಸೀಟಿನ ಮೇಲೆ ಕೂತು, ಕೀಯಿಂದ ಮಾತ್ರ.

ಇನ್ನೂ ಮೂರು ಮಾತು. ಬ್ಯಾಟರಿ ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಚಾರ್ಜಾಗುವ ಬ್ಯಾಟರಿಯಿಂದ ಹೊತ್ತಿಕೊಳ್ಳುವ ಗಾಳಿ ಬರುತ್ತದೆ, ಹತ್ತಿರ ಬೀಡಿ ಹಚ್ಚಬೇಡಿ. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯದೆ, ಒಂದು ನಿಮಿಷ ಬಿಟ್ಟು ಮತ್ತೆ ಹೊಡೆಯಿರಿ. ಇಲ್ಲದಿದ್ದರೆ ಮೋಟರ್ ಸುಡುತ್ತದೆ.

ಆಯುಧಪೂಜೆಗೆ ನಾವೆಲ್ಲ ಗಾಡಿ ತೊಳೆದು, ಕುಂಕುಮ ಇಟ್ಟು, ನಿಂಬೆಹಣ್ಣಿನ ಮೇಲೆ ಹತ್ತಿಸುತ್ತೇವೆ. ನಾನೀಗ ಅದರ ಹಿಂದಿನ ದಿನ ಬ್ಯಾಟರಿ ಟರ್ಮಿನಲ್, ಅರ್ತ್ ಪಟ್ಟಿ ಬಿಚ್ಚಿ ಉಜ್ಜಿ ಬಿಗಿಮಾಡುತ್ತೇನೆ, ಐದು ಮತ್ತು ಆರನೇ ಪರೀಕ್ಷೆ ಮಾಡಿ ಅಂಕಿಗಳನ್ನು ಕ್ಯಾಬಿನ್ನಿನ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಹೋದ ವರ್ಷಕ್ಕಿಂತ ಅಂಕಿ ಏರಿದ್ದರೆ ಅವರೆ ಕಾಲ ಬರುವ ಮುಂಚೆಯೇ ಗೊತ್ತಾಗುತ್ತದೆ. ಅರ್ಧ ದಿನದ ಕೆಲಸ. ಮೀಟರಿಗೆ ಕೊಟ್ಟಿದ್ದು 250 ರೂಪಾಯಿ. ಅದು ಮೊದಲೇ ಕೈಯಲ್ಲಿದ್ದಿದ್ದರೆ ನಾಲ್ಕು ಮನೆಯ ಅವರೆಕಾಯಿ ಉಳಿಯುತ್ತಿತ್ತು.