ಅಂಗಳಕ್ಕೆ ಬಿದ್ದ ಹಕ್ಕಿಮರಿ: ಎಂಟನೆಯ ತರಗತಿಯ ಒಂದು ಪಾಠ

ಎಂಟನೆಯ ತರಗತಿಯ ವಿಜ್ಞಾನದಲ್ಲಿ ‘ಸಸ್ಯಗಳು ಮತ್ತು ಪ್ರಾಣಿಗಳ ಸಂರಕ್ಷಣೆ’ ಎಂಬ ಘಟಕವಿದೆ. ಅಲ್ಲಿ ಬರುವ ಮುಖ್ಯ ಉದಾಹರಣೆ ಮಧ್ಯಪ್ರದೇಶದ ಪಚ್‌ಮಢಿ ಜೀವಗೋಳ ಮೀಸಲು ಪ್ರದೇಶ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಮಕ್ಕಳು ಆ ಹೆಸರನ್ನು ಬಾಯಿಪಾಠ ಮಾಡುತ್ತಾರೆ. ಅವರ ಕೈಗೆ ನಿಜವಾಗಿ ಸಿಗುವ ವನ್ಯಜೀವಿ ಎಂದರೆ ಅಂಗಳಕ್ಕೆ ಬಿದ್ದ ಗುಬ್ಬಿಯ ಮರಿ, ಗೊರವಂಕದ ಮರಿ, ನಿಂಬೆ ಗಿಡದ ಕೆಳಗಿನ ಪಿಕಳಾರದ ಮರಿ. ಅಭ್ಯಾಸ ಬೋಧನೆಯಲ್ಲಿ ಈ ಘಟಕದ ಒಂದು ಪಾಠವನ್ನು ಆ ಮರಿಯ ಸುತ್ತಲೇ ಯೋಜಿಸಿದ್ದೆ. ಸಹಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾಗಬಹುದೆಂದು ಅದರ ವಿಷಯಾಂಶವನ್ನೂ ತರಗತಿಯಲ್ಲಿ ಬಂದ ಪ್ರಶ್ನೆಗಳನ್ನೂ ಇಲ್ಲಿ ಬರೆದಿದ್ದೇನೆ.

ಪೂರ್ವಜ್ಞಾನ ಪರೀಕ್ಷೆಗೆ ಕೇಳಿದ್ದು ಒಂದೇ ಪ್ರಶ್ನೆ: ಮರಿ ಸಿಕ್ಕರೆ ಏನು ಮಾಡುತ್ತೀರಿ? ‘ಬಾಯಾಗ ನೀರ್ ಬಿಡ್ತೀವ್ರಿ’, ‘ಜೋಳದ ನುಚ್ಚು ಹಾಕ್ತೀವ್ರಿ’, ‘ಡಬ್ಬಿಯಾಗ ಅರಿವಿ ಹಾಸಿ ಇಡ್ತೀವ್ರಿ’ ಎಂದು ಉತ್ತರಗಳು ಬಂದವು. ಒಬ್ಬ ಹುಡುಗಿ, ‘ಅಕ್ಕೋರ, ಮನಷ್ಯಾರು ಮುಟ್ಟಿದ ಮರೀನ ಅವು ಹೊಳ್ಳಿ ಸೇರಿಸ್ಕೊಳ್ಳಂಗಿಲ್ರಿ, ಕುಕ್ಕಿ ಸಾಯಿಸ್ತಾವ’ ಎಂದಳು. ತರಗತಿಯೆಲ್ಲ ಹೌದೆಂದು ತಲೆಯಾಡಿಸಿತು. ಈ ಎಲ್ಲ ಉತ್ತರಗಳ ಹಿಂದೆ ಕರುಣೆ ಇದೆ. ಮರಿಗೆ ಕೇಡಾಗುವುದೂ ಬಹುತೇಕ ಈ ಕರುಣೆಯಿಂದಲೇ.

ಮೊದಲು ಕಲಿಸಬೇಕಾದದ್ದು ಎರಡು ಬಗೆಯ ಮರಿಗಳ ವ್ಯತ್ಯಾಸ. ತರಗತಿಯಲ್ಲಿ ಅವನ್ನು ‘ಗೂಡಿನ ಮರಿ’, ‘ಅಂಗಳದ ಮರಿ’ ಎಂದು ಕರೆದೆವು. ಗೂಡಿನ ಮರಿಗೆ ಮೈಮೇಲೆ ಪುಕ್ಕವಿರುವುದಿಲ್ಲ, ಇದ್ದರೂ ಮುಳ್ಳಿನಂತೆ ಎದ್ದ ಕೊಳವೆಗಳಷ್ಟೇ. ಕಣ್ಣು ಮುಚ್ಚಿರಬಹುದು, ಕಾಲ ಮೇಲೆ ನಿಲ್ಲಲಾರದು. ಅದು ನಿಜವಾಗಿಯೂ ಬಿದ್ದ ಮರಿ. ಅಂಗಳದ ಮರಿಗೆ ಮೈತುಂಬ ಪುಕ್ಕ, ಮೊಂಡು ಬಾಲ, ಕಟವಾಯಿಯಲ್ಲಿ ಇನ್ನೂ ಮಾಸದ ಹಳದಿ. ಅದು ಕುಪ್ಪಳಿಸುತ್ತದೆ, ಕಡ್ಡಿಯನ್ನು ಬಿಗಿಯಾಗಿ ಹಿಡಿದು ಕೂರುತ್ತದೆ. ಇದು ಬಿದ್ದದ್ದಲ್ಲ, ತಾನಾಗಿ ಗೂಡು ಬಿಟ್ಟು ಬಂದದ್ದು. ಗುಬ್ಬಿಮರಿ ಮೊಟ್ಟೆಯೊಡೆದ ಸುಮಾರು ಎರಡು ವಾರಕ್ಕೆ ಗೂಡು ಬಿಡುತ್ತದೆ, ಗೊರವಂಕದ ಮರಿಗೆ ಮೂರು ನಾಲ್ಕು ವಾರ ಬೇಕು. ಸರಾಗವಾಗಿ ಹಾರುವ ಮುಂಚೆ ಅದು ಕೆಲವು ದಿನ ನೆಲದಲ್ಲೋ ತಗ್ಗಿನ ಗಿಡದಲ್ಲೋ ಇರುತ್ತದೆ, ತಂದೆತಾಯಿ ಅಲ್ಲಿಗೇ ಬಂದು ಗುಟುಕು ಕೊಡುತ್ತವೆ. ಹರಟೆಮಲ್ಲಗಳಲ್ಲಿ ಗುಂಪಿನ ಬೇರೆ ಹಕ್ಕಿಗಳೂ ಗುಟುಕು ಕೊಡುತ್ತವೆ. ನಾವು ಪಕ್ಕದಲ್ಲಿ ನಿಂತಿದ್ದರೆ ಅವು ಬರುವುದಿಲ್ಲ. ಹೀಗಾಗಿ ‘ತಾಯಿ ಬರಲೇ ಇಲ್ಲ’ ಎಂದು ಮರಿಯನ್ನು ಎತ್ತಿಕೊಂಡು ಹೋಗುವವರು ಬಹಳ.

ಮುಟ್ಟಿದ ಮರಿಯ ಮಾತಿಗೆ ಹೆಚ್ಚು ಸಮಯ ಹೋಯಿತು, ಹೋಗಲೇಬೇಕಿತ್ತು. ಹಕ್ಕಿಗಳು ತಮ್ಮ ಮರಿಯನ್ನು ಗುರುತಿಸುವುದು ಮುಖ್ಯವಾಗಿ ಕೂಗಿನಿಂದ ಮತ್ತು ಜಾಗದಿಂದ. ಮನುಷ್ಯನ ವಾಸನೆ ತಾಗಿತೆಂದು ಅವು ಮರಿಯನ್ನು ಬಿಡುವುದಿಲ್ಲ. ಹಿರಿಯರು ಈ ಮಾತು ಹೇಳಿದ್ದರಿಂದ ಮಕ್ಕಳು ಗೂಡಿಗೆ ಕೈ ಹಾಕುವುದು ತಪ್ಪಿದೆ, ಅದು ಒಳ್ಳೆಯದೇ. ಆದರೆ ಒಮ್ಮೆ ಮುಟ್ಟಿಬಿಟ್ಟ ಹುಡುಗ ‘ಇನ್ನು ಇದಕ್ಕೆ ಯಾರೂ ಇಲ್ಲ’ ಎಂದುಕೊಂಡು ಡಬ್ಬಿಯಲ್ಲಿ ಸಾಕಲು ಹೊರಡುತ್ತಾನೆ. ಹಕ್ಕಿಗೆ ಮುಟ್ಟು ಮೈಲಿಗೆ ಇಲ್ಲ, ಅದನ್ನು ಅದಕ್ಕೆ ಅಂಟಿಸಿದವರು ನಾವು ಎಂದಾಗ ಹಿಂದಿನ ಬೆಂಚಿನವರೂ ನಕ್ಕರು.

ಗೂಡಿನ ಮರಿ ಸಿಕ್ಕರೆ ಗೂಡಿಗೇ ಹಿಂದಿರುಗಿಸಬೇಕು. ಇದು ಮನೆಯ ಕಟ್ಟಡವನ್ನು ಅವಲಂಬಿಸಿದೆ. ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಗುಬ್ಬಿ ಜಂತಿಯ ಸಂದಿನಲ್ಲಿ, ಬೆಳಕಿಂಡಿಯ ಪಕ್ಕದಲ್ಲಿ ಗೂಡು ಕಟ್ಟುತ್ತದೆ. ಏಣಿ ಇಟ್ಟು ಹಿರಿಯರೊಬ್ಬರು ಮರಿಯನ್ನು ಅಲ್ಲಿಗೆ ಸೇರಿಸಬಹುದು. ಆಲಮಟ್ಟಿ ಹಿನ್ನೀರಿನಿಂದ ಊರು ಬಿಟ್ಟವರ ಪುನರ್ವಸತಿ ಕೇಂದ್ರಗಳ ಸಿಮೆಂಟಿನ ಮನೆಗಳಲ್ಲಿ ಜಂತಿಯಿಲ್ಲ. ಅಲ್ಲಿ ಗೂಡು ಮೀಟರ್ ಪೆಟ್ಟಿಗೆಯ ಹಿಂದೆ ಇರಬಹುದು, ಮಕ್ಕಳು ಕೈ ಹಾಕಕೂಡದು. ಗೂಡು ಸಿಗದಿದ್ದರೆ, ಹರಿದಿದ್ದರೆ, ತಳದಲ್ಲಿ ತೂತಿರುವ ಸಣ್ಣ ಬುಟ್ಟಿಗೆ ಒಣಹುಲ್ಲು ಹಾಸಿ ಮೊದಲಿನ ಗೂಡಿನ ಹತ್ತಿರವೇ ನೆರಳಲ್ಲಿ ಕಟ್ಟಿ, ದೂರ ಸರಿದು, ಬಾಗಿಲ ಮರೆಯಿಂದ ಒಂದು ತಾಸು ನೋಡಬೇಕು. ಮರಿಯ ಕೂಗು ಕೇಳಿ ಬರುವ ಸಾಧ್ಯತೆ ಹೆಚ್ಚು.

ನೀರಿನ ವಿಷಯವನ್ನು ಕಪ್ಪುಹಲಗೆಯ ಮೇಲೆ ಚಿತ್ರ ಬರೆದೇ ಹೇಳಬೇಕು. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ತೆರೆದಿರುತ್ತದೆ. ಕೊಕ್ಕು ಬಿಡಿಸಿ ಸುರಿದ ನೀರು ನೇರ ಪುಪ್ಪುಸಕ್ಕೆ ಇಳಿಯಬಹುದು. ನಮ್ಮ ಜಿಲ್ಲೆಯ ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುತ್ತದೆ. ತಗಡಿನ ಕೆಳಗಿನ ಗೂಡಿನಿಂದ ಬಿದ್ದ ಮರಿ ಬಾಯಿ ತೆರೆದಿದ್ದರೆ ಅದು ನೀರು ಕೇಳುತ್ತಿದೆ ಎಂದಲ್ಲ. ಹಕ್ಕಿಗೆ ಬೆವರಿಲ್ಲ, ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಅದಕ್ಕೆ ಬೇಕಾದದ್ದು ನೆರಳು. ಹಾಲೂ ಬೇಡ, ಹಕ್ಕಿ ಸಸ್ತನಿಯಲ್ಲ ಎಂಬ ಹಿಂದಿನ ಪಾಠ ಇಲ್ಲಿ ಕೆಲಸಕ್ಕೆ ಬಂತು. ಜೋಳದ ನುಚ್ಚು? ಕಾಳು ತಿನ್ನುವ ಗುಬ್ಬಿಯೂ ತನ್ನ ಮರಿಗೆ ಮೊದಲ ದಿನಗಳಲ್ಲಿ ಕೊಡುವುದು ಹುಳ ಹುಪ್ಪಟೆ. ಪಾರಿವಾಳ, ಬೆಳವಗಳಲ್ಲಿ ತಂದೆತಾಯಿಯ ಗಂಟಲ ಚೀಲದಲ್ಲಿ ಮೊಸರಿನಂತಹ ಆಹಾರ ಒಸರುತ್ತದೆ, ಮರಿ ತನ್ನ ಕೊಕ್ಕನ್ನೇ ಅವುಗಳ ಬಾಯೊಳಗೆ ಹಾಕಿ ಅದನ್ನು ಪಡೆಯುತ್ತದೆ. ಮನೆಯಲ್ಲಿ ಇದನ್ನು ಮಾಡುವವರು ಯಾರು?

ಇಷ್ಟಾದ ಮೇಲೆ ಒಬ್ಬ ಹುಡುಗ, ‘ಹಂಗಾರ ಎತ್ತಲೇಬಾರದೇನ್ರಿ?’ ಎಂದ. ಇದಕ್ಕೆ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನು ಹೇಳಿದೆ. ಆ ಊರಿನ ಮನೆಗಳ ನಡುವಿನ ಹುಣಸೆ ಮರಗಳಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಮರಿಗಳು ಜನರ ಅಂಗಳಕ್ಕೇ ಬೀಳುತ್ತವೆ. ಬಿದ್ದ ಹೆಜ್ಜಾರ್ಲೆ ಮರಿಗೆ ತಂದೆತಾಯಿ ನೆಲಕ್ಕಿಳಿದು ಉಣಿಸುವುದಿಲ್ಲ, ಮರದ ತುದಿಗೆ ಹಿಂದಿರುಗಿಸುವುದೂ ಕಷ್ಟ. ಆದ್ದರಿಂದ ಅಲ್ಲಿನವರು ಅಂತಹ ಮರಿಗಳನ್ನು ಬೇಲಿಯೊಳಗೆ ಇಟ್ಟು, ಮೀನು ತಿನ್ನಿಸಿ ಬೆಳೆಸಿ ಹೊರಗೆ ಬಿಡುತ್ತ ಬಂದಿದ್ದಾರೆ. 2007ರಲ್ಲಿ ಆ ಜಾಗ ಸಮುದಾಯ ಮೀಸಲು ಪ್ರದೇಶವಾಯಿತು. ಗೊರವಂಕವನ್ನು ಬಿಟ್ಟುಬಿಡಿ, ಹೆಜ್ಜಾರ್ಲೆಯನ್ನು ಎತ್ತಿ ಎಂಬ ಎರಡು ಮಾತಿಗೂ ಆಧಾರ ಒಂದೇ: ಆ ಹಕ್ಕಿ ತನ್ನ ಮರಿಯನ್ನು ಎಲ್ಲಿ, ಹೇಗೆ ಸಾಕುತ್ತದೆ ಎಂಬುದು. ಈ ಪಾಠವನ್ನು ‘ದಯೆ’ ಎಂಬ ಮೌಲ್ಯದ ಕೆಳಗೆ ಬರೆದು ಮುಗಿಸುವುದಕ್ಕಿಂತ ವೀಕ್ಷಣಾ ಕೌಶಲದ ಕೆಳಗೆ ಯೋಜಿಸುವುದೇ ಸರಿ ಎನ್ನುವುದು ಇದರಿಂದಲೇ.

ನಮ್ಮ ಕಡೆಯೂ ಎತ್ತಲೇಬೇಕಾದ ಸಂದರ್ಭಗಳಿವೆ. ರೆಕ್ಕೆ ಮುರಿದ, ರಕ್ತ ಬರುವ ಮರಿ, ಬೆಕ್ಕು ಕಚ್ಚಿದ ಮರಿ. ಬೆಕ್ಕಿನ ಜೊಲ್ಲಿನಲ್ಲಿರುವ ಬ್ಯಾಕ್ಟೀರಿಯಾ ಸಣ್ಣ ಗಾಯದಿಂದಲೂ ಸೋಂಕು ತರುತ್ತದೆ, ಮೇಲೆ ಗಾಯ ಕಾಣದಿದ್ದರೂ ತಡಮಾಡುವಂತಿಲ್ಲ. ತೂತು ಮಾಡಿದ ರಟ್ಟಿನ ಡಬ್ಬಿ, ಒಳಗೆ ಹತ್ತಿ ಬಟ್ಟೆ, ಕತ್ತಲೆ, ಮೌನ. ಊಟ ನೀರು ಏನೂ ಕೊಡದೆ ಪಶು ಆಸ್ಪತ್ರೆಗೆ ಒಯ್ದು, ಅರಣ್ಯ ಇಲಾಖೆಯ ಕಚೇರಿಗೆ ತಿಳಿಸಬೇಕು. ಗೂಗಿಯ ಮರಿಯಾದರೆ ದೊಡ್ಡವರೇ ದಪ್ಪ ಬಟ್ಟೆ ಹಾಕಿ ಹಿಡಿಯಬೇಕು, ಉಗುರು ಚೂಪು.

ಕಾನೂನನ್ನು ಎರಡೇ ಮಾತಿನಲ್ಲಿ ಮುಗಿಸಿದೆ. 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯಲ್ಲಿ ‘ಬೇಟೆ’ ಎಂಬ ಪದದ ಅರ್ಥದೊಳಗೆ ಹಿಡಿಯುವುದೂ ಹಕ್ಕಿಯ ಮೊಟ್ಟೆ, ಗೂಡು ಕೆಡಿಸುವುದೂ ಸೇರಿವೆ. ಗಿಳಿಯನ್ನು ಪಂಜರದಲ್ಲಿ ಸಾಕುವುದೂ ಅಪರಾಧ. ತರಗತಿಯಲ್ಲಿ ಯಾರದಾದರೂ ಮನೆಯಲ್ಲಿ ಗಿಳಿ ಇದ್ದೇ ಇರುತ್ತದೆ. ‘ಯಾರ ಮನೆಯಲ್ಲಿದೆ, ಕೈ ಎತ್ತಿ’ ಎಂದು ಮಾತ್ರ ಕೇಳಬೇಡಿ. ಮಗುವನ್ನು ಅದರ ಮನೆಯವರ ಮೇಲೆ ಸಾಕ್ಷಿ ಮಾಡುವುದು ನಮ್ಮ ಕೆಲಸವಲ್ಲ.

ಬೋಧನೋಪಕರಣವಾಗಿ ಜೀವಂತ ಮರಿಯನ್ನು ತರಬಾರದು, ಮಕ್ಕಳಿಂದ ತರಿಸಲೂಬಾರದು. ಎರಡು ಮರಿಗಳ ರೇಖಾಚಿತ್ರ ಸಾಕು.

ಕಷ್ಟದ ಪ್ರಶ್ನೆ ಕೊನೆಗೆ ಬಂತು: ‘ನಾವು ದೂರ ನಿಂತು ನೋಡಾಕತ್ತಾಗ ಬೆಕ್ಕು ತಿಂದ್ರ?’ ತಿನ್ನಬಹುದು ಎಂದೆ. ಸಣ್ಣ ಹಕ್ಕಿಗಳ ಮರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲ ವರ್ಷ ದಾಟುವುದಿಲ್ಲ, ಅದಕ್ಕೇ ಅವು ವರ್ಷಕ್ಕೆ ಎರಡು ಮೂರು ಸಲ ಮೊಟ್ಟೆಯಿಡುತ್ತವೆ ಎಂದೂ ಹೇಳಿದೆ. ತರಗತಿ ಸ್ವಲ್ಪ ಹೊತ್ತು ಸುಮ್ಮನಿತ್ತು. ಆ ಮೌನವನ್ನು ತುಂಬಲು ನಾನು ಏನೂ ಹೇಳಲಿಲ್ಲ.

ಮೌಲ್ಯಮಾಪನಕ್ಕೆ ವ್ಯಾಖ್ಯೆ ಕೇಳದೆ ಸನ್ನಿವೇಶ ಕೊಟ್ಟೆ: ಮೊಂಡು ಬಾಲದ ಗೊರವಂಕದ ಮರಿಯೊಂದು ನಿಮ್ಮ ಬೇವಿನ ಮರದ ಬುಡದಲ್ಲಿದೆ, ಮೊದಲು ಏನು ಮಾಡುವಿರಿ? ‘ದೂರ ನಿಂತು ನೋಡುತ್ತೇವೆ’ ಎಂಬುದೇ ಹೆಚ್ಚಿನವರ ಉತ್ತರ. ಬೆಕ್ಕಿನ ಪ್ರಶ್ನೆ ಕೇಳಿದ ಹುಡುಗ ಬರೆದದ್ದು, ‘ಮೊದಲ ನಮ್ಮ ನಾಯಿ ಕಟ್ಟತೀನಿ. ಮರಿ ಎತ್ತಿ ಅದ ಗಿಡದ ತಗ್ಗಿನ ಟೊಂಗಿ ಮ್ಯಾಲ ಕುಂಡರಸತೀನಿ. ಆಮ್ಯಾಲ ದೂರ ಹೋಗಿ ನೋಡತೀನಿ.’ ಪೂರ್ಣ ಅಂಕ ಕೊಟ್ಟೆ.