ಮೈಲುತುತ್ತ ಬಿಸಿಲಿಗೆ ಜಗ್ಗದೇಕೆ?

ಪ್ರಶ್ನೆ: ತಾಮ್ರದ ಸಂಯುಕ್ತಗಳು ಬೆಳಕು ಬಿದ್ದರೆ ಡಿಎನ್‌ಎ ಕತ್ತರಿಸುತ್ತವಂತೆ. ಮೈಲುತುತ್ತದ ನೀರನ್ನು ಬಾಟಲಿಯಲ್ಲಿ ತುಂಬಿ ನಮ್ಮೂರ ಬಿಸಿಲಲ್ಲಿ ವಾರವಿಟ್ಟೆ, ಏನೂ ಆಗಲಿಲ್ಲ. ಏಕೆ?
– ಪಿಯುಸಿ ವಿದ್ಯಾರ್ಥಿನಿ, ಚಳ್ಳಕೆರೆ

ಉತ್ತರ: ಚಳ್ಳಕೆರೆ, ಮೊಳಕಾಲ್ಮೂರಿನ ಬಿಸಿಲಿಗೂ ಜಗ್ಗಲಿಲ್ಲ ಎಂದರೆ ತಪ್ಪು ಬಿಸಿಲಿನದಲ್ಲ, ತಾಮ್ರದ ಜೊತೆಗಾರರದು! ಮೈಲುತುತ್ತದ ಹರಳನ್ನು ಪ್ರನಾಳದಲ್ಲಿ ಕಾಯಿಸಿ. ಒಳಗಿನ ನೀರು ಆವಿಯಾಗಿ ಹರಳು ಬೆಳ್ಳಗೆ ಪುಡಿಯಾಗುತ್ತದೆ. ಒಂದು ಹನಿ ನೀರು ಬಿಡಿ, ನೀಲಿ ಮರಳುತ್ತದೆ. ಅಮೋನಿಯಾ ಬಿಟ್ಟರೆ ಕಡುನೀಲಿ. ಹೀಗೆ ತಾಮ್ರವನ್ನು ಸುತ್ತುವರಿದು ಹಿಡಿದುಕೊಂಡು ಅದರ ಬಣ್ಣ ಬದಲಿಸುವ ಅಣುಗಳಿಗೆ ಲಿಗ್ಯಾಂಡ್ ಎನ್ನುತ್ತಾರೆ.

ನಿಮ್ಮ ಬಾಟಲಿಯಲ್ಲಿ ಲಿಗ್ಯಾಂಡ್ ಎಂದರೆ ಬರೀ ನೀರು. ಬಿಸಿಲಿನ ಕೆಂಪು ಪಾಲನ್ನು ತಾಮ್ರ ನುಂಗುತ್ತದೆ, ಉಳಿದದ್ದು ನಮಗೆ ನೀಲಿಯಾಗಿ ಕಾಣುತ್ತದೆ. ನುಂಗಿದ್ದು ಸುಮ್ಮನೆ ಶಾಖವಾಗಿ ಕರಗುತ್ತದೆ. ಲಿಗ್ಯಾಂಡಿನ ಎಲೆಕ್ಟ್ರಾನು ತಾಮ್ರದ ಹೊಸ್ತಿಲು ದಾಟುವುದೇ ಇಲ್ಲ.

ದಾಟಿದರೆ ಏನಾಗುತ್ತದೆಂದು ನಿಮ್ಮ ಲ್ಯಾಬಿನಲ್ಲೇ ನೋಡಿದ್ದೀರಿ. ಬೆನೆಡಿಕ್ಟ್ ದ್ರಾವಣದಲ್ಲಿ ಸಿಟ್ರೇಟು ತಾಮ್ರವನ್ನು ಹಿಡಿದಿರುತ್ತದೆ. ಗ್ಲೂಕೋಸ್ ಹಾಕಿ ಬಿಸಿ ಮಾಡಿದರೆ ಅದು ಎಲೆಕ್ಟ್ರಾನು ಕೊಟ್ಟು +2 ತಾಮ್ರವನ್ನು +1ಕ್ಕೆ ಇಳಿಸುತ್ತದೆ, ತಳದಲ್ಲಿ ಇಟ್ಟಿಗೆ ಕೆಂಪು ನಿಲ್ಲುತ್ತದೆ. ಈ ಎರಡು ತಾಮ್ರಗಳ ರುಚಿಯೇ ಬೇರೆ. +1ಕ್ಕೆ ನಾಲ್ಕು ಮೂಲೆಯ ಹಿಡಿತ ಸಾಕು, +2 ಐದಾರು ಕೇಳುತ್ತದೆ. ಫ್ರಾನ್ಸಿನ ಜಾನ್-ಪಿಯೆರ್ ಸೊವಾಜ್ ಈ ಹಟವನ್ನೇ ಬಳಸಿ ಅಣುಗಾತ್ರದ ಉಂಗುರವನ್ನು ತಿರುಗಿಸಿದರು. ಅಣುಯಂತ್ರಗಳಿಗೆ ಸಿಕ್ಕ 2016ರ ನೊಬೆಲ್‌ನಲ್ಲಿ ಅವರಿಗೂ ಪಾಲಿದೆ.

ಇನ್ನು ಡಿಎನ್‌ಎ ವಿಷಯ. ಇದು ಭಾರತೀಯ ವಿಜ್ಞಾನ ಸಂಸ್ಥೆಯ ಕೆಲಸ; ನಿಮಗೆ ಹತ್ತಿರದ ಅದರ ಕುದಾಪುರ ಆವರಣದ್ದಲ್ಲ, ಬೆಂಗಳೂರಿನ ಆವರಣದ್ದು. ಅಖಿಲ್ ಚಕ್ರವರ್ತಿ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಸಂಯುಕ್ತಗಳಲ್ಲಿ ತಾಮ್ರಕ್ಕೆ ಗಂಧಕದ ಲಿಗ್ಯಾಂಡ್ ಇತ್ತು. ಕೆಂಪು ಬೆಳಕು ಬಿದ್ದಾಗ ಗಂಧಕದ ಎಲೆಕ್ಟ್ರಾನು ತಾಮ್ರದ ಕಡೆ ಹಾರುತ್ತದೆ, ಆ ಗಲಾಟೆಯಲ್ಲಿ ಪಕ್ಕದ ಆಮ್ಲಜನಕ ಕೆರಳಿ ಡಿಎನ್‌ಎ ಎಳೆ ಕಡಿಯುತ್ತದೆ. ಬೆಳಕು ಬಿದ್ದ ಕಡೆ ಮಾತ್ರ ಕತ್ತರಿ ಆಡಿಸಬಹುದೆಂಬ ಆಸೆಯಿಂದ ಕ್ಯಾನ್ಸರ್ ಚಿಕಿತ್ಸೆಯವರಿಗೆ ಇದರ ಮೇಲೆ ಕಣ್ಣು.

ಕೆಂಪೇ ಏಕೆ? ಇವತ್ತು ಕರೆಂಟು ಹೋದಾಗ ಮೊಬೈಲ್ ಟಾರ್ಚನ್ನು ಬೆರಳಿಗೆ ಒತ್ತಿ ಹಿಡಿಯಿರಿ. ಆಚೆ ಬದಿಗೆ ತೂರಿ ಬರುವುದು ಯಾವ ಬಣ್ಣ, ನೋಡಿ.