ಒಡವೆಯಿರುವ ಮನೆಗಳಿಗೊಂದು ಕಿವಿಮಾತು

ದಾವಣಗೆರೆ ಜಿಲ್ಲೆಯ ನ್ಯಾಮತಿಯ ಸ್ಟೇಟ್ ಬ್ಯಾಂಕ್ ಶಾಖೆಗೆ 2024ರ ಅಕ್ಟೋಬರ್ ಕೊನೆಯ ವಾರ ಕಿಟಕಿಯ ಸರಳು ಕಿತ್ತು ನುಗ್ಗಿದ ತಂಡವೊಂದು, ಗ್ಯಾಸ್ ಕಟರ್‌ನಿಂದ ಲಾಕರ್ ಕೊರೆದು, ಗ್ರಾಹಕರು ಅಡವಿಟ್ಟಿದ್ದ, ಅಂದರೆ ಸಾಲಕ್ಕೆ ಭದ್ರತೆಯಾಗಿ ಒಪ್ಪಿಸಿದ್ದ, ಸುಮಾರು 17 ಕಿಲೋ ಒಡವೆಯನ್ನು ಹೊತ್ತೊಯ್ದಿತು. 2025ರ ಮಾರ್ಚ್‌ನಲ್ಲಿ ಅದರ ಬಹುಪಾಲು ತಮಿಳುನಾಡಿನ ಮಧುರೈ ಜಿಲ್ಲೆಯ ಬಾವಿಯೊಂದರಲ್ಲಿ ಸಿಕ್ಕಿತು. ಸಾಲ ಸಿಗದ ಸಿಟ್ಟಿನಿಂದ, ಯೂಟ್ಯೂಬ್ ನೋಡಿ ಕಲಿತು ಈ ಕೃತ್ಯ ನಡೆಸಲಾಯಿತೆಂದು ಪೊಲೀಸರು ತಿಳಿಸಿದರು. ಇಂಥದ್ದನ್ನು ಸಾಹಸವೆಂದು ಮೆಚ್ಚುವ ಹುಡುಗರಿಗೆ, ಅಲ್ಲಿ ಕಳೆದುಹೋದದ್ದು ಬ್ಯಾಂಕಿನ ಸಿರಿಯಲ್ಲ, ಬಡ ಮನೆಗಳ ತಾಳಿಸರವೆಂಬುದನ್ನು ಹಿರಿಯರು ಬಿಡಿಸಿ ಹೇಳಬೇಕು.

ಬ್ಯಾಂಕಿನ ಲಾಕರ್‌ಗೇ ಈ ಗತಿಯಾದರೆ ಮನೆಗಳ ಬಗ್ಗೆ ಇನ್ನಷ್ಟು ಎಚ್ಚರ ಬೇಕು. ಹಾಸನ ಜಿಲ್ಲೆಯ ಸಕಲೇಶಪುರ, ಆಲೂರಿನ ಬೆಟ್ಟಸಾಲಿನಲ್ಲಿ ತೋಟದ ಮನೆಗಳು ಒಂದಕ್ಕೊಂದು ದೂರವಿದ್ದು, ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಮನೆಮಂದಿಯೆಲ್ಲ ಹಗಲಿಡೀ ತೋಟ, ಕಣಗಳಲ್ಲಿರುವುದರಿಂದ, ಬೀರುವಿನಲ್ಲಿ ಒಡವೆ ಇಟ್ಟು ಬೀಗವನ್ನಷ್ಟೇ ನಂಬುವುದು ಸಾಲದು. ಆದರೆ ಇದೇ ನೆಪದಲ್ಲಿ, ದುಡಿಯಲು ಬಂದ ಹೊರಗಿನ ಕಾರ್ಮಿಕರನ್ನು ಪುರಾವೆಯಿಲ್ಲದೆ ಶಂಕಿಸುವುದು ಅನ್ಯಾಯ. ಪ್ರತಿ ಒಡವೆಯ ಚಿತ್ರ, ತೂಕ, ರಸೀದಿ ಮತ್ತು ಹಾಲ್‌ಮಾರ್ಕ್ ಜೊತೆ ಕೆತ್ತಿರುವ ಎಚ್‌ಯುಐಡಿ, ಅಂದರೆ ಆಯಾ ಒಡವೆಗೆ ಮಾತ್ರ ಸೇರಿದ ಆರು ಅಕ್ಷರ-ಅಂಕಿಗಳ ಗುರುತು, ಇವನ್ನು ಬರೆದು ಬೇರೆಡೆ ಇಡುವುದು ಒಳಿತು. 2023ರ ಏಪ್ರಿಲ್‌ಗೆ ಮುಂಚಿನ ಹಳೆಯ ಒಡವೆಗಳಲ್ಲಿ ಈ ಗುರುತು ಇಲ್ಲದಿರಬಹುದಾದ್ದರಿಂದ ಅವುಗಳ ಚಿತ್ರವೇ ಮುಖ್ಯ ಆಧಾರ. ಅಗ್ಗಕ್ಕೆ ಬಂದ, ರಸೀದಿಯಿಲ್ಲದ ಚಿನ್ನವನ್ನು ಕಳವಿನದೆಂದು ತಿಳಿದೂ ಕೊಳ್ಳುವವರು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಅಪರಾಧಿಗಳಾಗುತ್ತಾರೆ. ಕಳವಾದದ್ದು ಕಂಡೊಡನೆ 112ಕ್ಕೆ ಕರೆಮಾಡಿ, ಬೆರಳಚ್ಚು ತಜ್ಞರು ಬರುವವರೆಗೆ ಬೀರು, ಬಾಗಿಲು, ಚಿಲಕಗಳನ್ನು ಯಾರೂ ಮುಟ್ಟದಂತೆ ಕಾಯುವುದು ಅಗತ್ಯ.